ನೀರಂಚಿನ ಸುಖವೂ ಸರ್ಕಾರದ ಹಲಗೆಯೂ

ಬೇಸಿಗೆಯ ರಜೆ ಬಂದೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಜಲತೀರಗಳಲ್ಲಿ ಜನಸಂದಣಿ ಹೆಚ್ಚುವುದೂ, ಅದರ ಬೆನ್ನಿಗೇ ಒಂದೆರಡು ಮರಣವಾರ್ತೆಗಳು ನಮ್ಮ ಕಚೇರಿಗೆ ಬಂದು ಬೀಳುವುದೂ, ಮರುದಿನ ಅಧಿಕಾರಿಗಳು ಸ್ಥಳಕ್ಕೆ ದಯಮಾಡಿಸಿ ನೀರಿಗಿಳಿಯಕೂಡದೆಂಬ ಹಲಗೆಯೊಂದನ್ನು ನೆಡಿಸಿ ಹಿಂದಿರುಗುವುದೂ ವರ್ಷವರ್ಷದ ಕ್ರಮವಾಗಿಬಿಟ್ಟಿದೆ. ಹಲಗೆಗಳ ಸಂಖ್ಯೆ ಹೆಚ್ಚಿದಷ್ಟೂ ಮರಣಗಳ ಸಂಖ್ಯೆ ಇಳಿದಿದ್ದರೆ ನಾವು ಈ ಮಾತನ್ನು ಎತ್ತುತ್ತಿರಲಿಲ್ಲ. ಅದು ಇಳಿದಂತೆ ಕಾಣುವುದಿಲ್ಲ. ಆದಕಾರಣ ಈ ವಿಷಯದಲ್ಲಿ ಜಿಲ್ಲೆಯ ಅಧಿಕಾರಿವರ್ಗಕ್ಕೂ ನಮ್ಮ ವಾಚಕ ಮಹಾಶಯರಿಗೂ ನಾಲ್ಕು ಮಾತುಗಳನ್ನು ಬಿಚ್ಚಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾಯಿಸಿಕೊಂಡ ಈ ಜಿಲ್ಲೆಗೆ ಕಡಲಿಲ್ಲ. ಆದರೆ ನೀರಿಗೆ ಬಡತನವೂ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಮಾಗಡಿ, ರಾಮನಗರ, ಕನಕಪುರಗಳನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಅದರ ದಾರಿಯಲ್ಲಿ ಮಂಚನಬೆಲೆ, ಹಾರೋಬೆಲೆ ಜಲಾಶಯಗಳಿವೆ. ಚನ್ನಪಟ್ಟಣದ ಕಡೆ 1946ರಲ್ಲಿ ಕಟ್ಟಿದ ಕಣ್ವ ಜಲಾಶಯವಿದೆ, ಶಿಂಷೆಯ ಮೇಲೆ ಇಗ್ಗಲೂರಿನ ಅಣೆಕಟ್ಟಿದೆ. ಬೆಂಗಳೂರಿನಿಂದ ಎರಡು ಗಂಟೆಯ ಪ್ರಯಾಣದೊಳಗೆ ಇಷ್ಟು ನೀರು, ಬಂಡೆ, ಮರದ ನೆರಳು, ಬೀಸುವ ಗಾಳಿ. ವಾರವಿಡೀ ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯ ಮೇಜಿನ ಮುಂದೆ ಬೆವರಿದ ಮನುಷ್ಯನು ಭಾನುವಾರ ಹೆಂಡಿರು ಮಕ್ಕಳನ್ನು ಕರೆದುಕೊಂಡು, ಬುತ್ತಿ ಕಟ್ಟಿಕೊಂಡು, ಕಾಲನ್ನು ನೀರಿಗಿಟ್ಟು ಕುಳಿತುಕೊಳ್ಳಲು ಬಯಸಿದರೆ ಅದು ಅಪರಾಧವೂ ಅಲ್ಲ, ಉದ್ಧಟತನವೂ ಅಲ್ಲ. ಕಾಸಿಲ್ಲದೆ ಸಿಕ್ಕುವ ಸುಖಗಳು ಈ ಕಾಲದಲ್ಲಿ ಬಹಳ ಉಳಿದಿಲ್ಲ. ಉಳಿದ ಕೆಲವೇ ಸುಖಗಳಲ್ಲಿ ಇದೊಂದು.

ಹಣ ಕೊಡಬಲ್ಲವನಿಗೆ ಬೇರೆ ಏರ್ಪಾಟಿದೆ. ಬಿಡದಿಯ ಬಳಿ 2005ರಿಂದ ಖಾಸಗಿಯವರ ನೀರಿನ ವಿಹಾರಕೇಂದ್ರವೊಂದು ನಡೆಯುತ್ತಿದೆ. ಅಂಥ ಸ್ಥಳಗಳಲ್ಲಿ ಕೊಳದ ಆಳವನ್ನು ಅಂಚಿನಲ್ಲಿ ಬರೆದಿರುತ್ತಾರೆ, ಕೊಳಕ್ಕೊಬ್ಬ ಕಾವಲಿನವನು ಸೀಟಿ ಹಿಡಿದು ನಿಂತಿರುತ್ತಾನೆ. ಒಂದು ಕುಟುಂಬವು ಅಲ್ಲಿ ಒಂದು ದಿನ ಕಳೆಯಲು ಬೇಕಾಗುವ ಹಣವು ಕೂಲಿಯವನ ಹಲವು ದಿನಗಳ ಸಂಪಾದನೆ. ಅವರ ವ್ಯಾಪಾರವನ್ನು ನಾವು ಆಕ್ಷೇಪಿಸುವುದಿಲ್ಲ. ನಾವು ಕೇಳುವುದಿಷ್ಟೆ: ಟಿಕೇಟು ಕೊಂಡವನ ಮಗುವಿಗೆ ಕಾವಲುಗಾರ, ಕೊಳ್ಳಲಾರದವನ ಮಗುವಿಗೆ ಹಲಗೆ ಎಂಬ ಈ ವಿಂಗಡಣೆಯನ್ನು ಪ್ರಜಾಸರ್ಕಾರವೊಂದು ಎಷ್ಟು ಕಾಲ ನೋಡಿಕೊಂಡು ಸುಮ್ಮನಿರಬಹುದು?

2024ರ ಏಪ್ರಿಲ್ 29ನೆಯ ದಿನವನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ಬೆಂಗಳೂರಿನಿಂದ ವಿಹಾರಕ್ಕೆ ಬಂದ ಕಾಲೇಜು ವಿದ್ಯಾರ್ಥಿಗಳಲ್ಲಿ ಐವರು ಅಂದು ಮೇಕೆದಾಟಿನ ಬಳಿ ಕಾವೇರಿಯಲ್ಲಿ ಮುಳುಗಿ ಸತ್ತರು. ಅದು ಮಳೆಗಾಲದ ಪ್ರವಾಹವಲ್ಲ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಸಾರಿತ್ತು. ಬೆಂಗಳೂರಿನಲ್ಲಿ ಕೊಡ ನೀರಿಗೆ ಜನ ಸಾಲುನಿಂತಿದ್ದರು. ಕಾವೇರಿಯು ಬಂಡೆಗಳ ನಡುವೆ ಸೊರಗಿ ಹರಿಯುತ್ತಿದ್ದ ಕಾಲ. ಇಂಥ ಕಾಲದಲ್ಲಿಯೇ ಐದು ಮನೆಗಳ ದೀಪ ಆರಿತೆಂದ ಮೇಲೆ, ನೀರು ಕಡಿಮೆಯಾದಾಗ ಅಪಾಯವೂ ಕಡಿಮೆಯೆಂಬ ಜನರ ನಂಬಿಕೆ ಎಷ್ಟು ಪೊಳ್ಳೆಂಬುದು ತಾನೇ ಸ್ಪಷ್ಟವಾಗುತ್ತದೆ.

ಇದಕ್ಕೆ ಕಾರಣವನ್ನು ತಿಳಿಯುವುದು ಅವಶ್ಯ. ಮೇಕೆದಾಟಿನಲ್ಲಿ ಅಷ್ಟು ಅಗಲದ ಕಾವೇರಿಯು ಆಡು ಹಾರಿ ದಾಟಿತೆಂದು ಹೇಳುವಷ್ಟು ಇಕ್ಕಟ್ಟಾದ ಕಲ್ಲಿನ ಸೀಳಿನೊಳಗೆ ನುಗ್ಗುತ್ತದೆ. ಅಗಲದಲ್ಲಿ ಕಳೆದುಕೊಂಡುದನ್ನು ನದಿಯು ಆಳದಲ್ಲಿಯೂ ವೇಗದಲ್ಲಿಯೂ ತೆಗೆದುಕೊಳ್ಳುತ್ತದೆ. ಸಾವಿರಾರು ವರ್ಷಗಳಿಂದ ಸುಳಿಗೆ ಸಿಕ್ಕ ಉರುಟುಗಲ್ಲುಗಳು ಗಿರಗಿರನೆ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಳಿಗಳನ್ನು ಕೊರೆದಿವೆ. ಮೇಲಿನಿಂದ ನೋಡುವವನಿಗೆ ಮಂಡಿಯುದ್ದ ನೀರು; ಒಂದು ಹೆಜ್ಜೆ ಮುಂದಿಟ್ಟರೆ ಆಳುದ್ದಕ್ಕೂ ಮೀರಿದ ಮಡು. ಬಂಡೆಯ ಮೈ ಪಾಚಿ ಕಟ್ಟಿ ಎಣ್ಣೆ ಸವರಿದಂತಿರುತ್ತದೆ. ಅರ್ಕಾವತಿಯ ಪಾತ್ರದಲ್ಲಾದರೋ ಮರಳು ಬಗೆದವರು ಬಿಟ್ಟುಹೋದ ಹಳ್ಳಗಳಿವೆ. ಅವುಗಳ ಅಂಚು ಕಾಲಿಟ್ಟೊಡನೆ ಕುಸಿಯುತ್ತದೆ. ಜಲಾಶಯಗಳ ಮಾತು ಮತ್ತೊಂದು ಬಗೆ. ನಾವು ದಡವೆನ್ನುವುದು ನಿಜವಾಗಿ ದಡವೇ ಅಲ್ಲ, ಮುಳುಗಿದ ಗುಡ್ಡದ ಇಳಿಜಾರು. ನಾಲ್ಕು ಮೊಳ ಹೋಗುವುದರೊಳಗೆ ನೆಲ ತಪ್ಪುತ್ತದೆ, ಅದರ ಮೇಲೆ ಮೊಣಕಾಲುದ್ದ ಹೂಳು, ಹೂಳಿನಲ್ಲಿ ಹಳೆಯ ಮರದ ಬೊಡ್ಡೆಗಳು. ಈಜು ಬಲ್ಲವನ ಕಾಲೂ ಅಲ್ಲಿ ಸಿಕ್ಕಿಬೀಳುತ್ತದೆ.

ಇನ್ನು ಮಳೆಗಾಲದಲ್ಲಿ ಸಂಗಮದ ಆಕಾಶ ತಿಳಿಯಾಗಿರುತ್ತದೆ. ಮಳೆ ಸುರಿಯುತ್ತಿರುವುದು ಕೊಡಗಿನಲ್ಲಿ, ವೈನಾಡಿನಲ್ಲಿ. ಕೃಷ್ಣರಾಜಸಾಗರದಿಂದಲೋ ಕಬಿನಿಯಿಂದಲೋ ಬಾಗಿಲೆತ್ತಿ ಬಿಟ್ಟ ನೀರು ಬಿಸಿಲು ಕಾಯುತ್ತ ಬಂಡೆಯ ಮೇಲೆ ಕುಳಿತವರನ್ನು ಬಂದು ಮುಟ್ಟುತ್ತದೆ. ನದೀಪಾತ್ರದ ಜನರು ಎಚ್ಚರಿಕೆಯಿಂದಿರತಕ್ಕದ್ದೆಂಬ ಪ್ರಕಟಣೆಯನ್ನು ಇಲಾಖೆಯವರು ಹೊರಡಿಸುತ್ತಾರೆ, ಸರಿ. ಆದರೆ ಬೆಂಗಳೂರಿನ ಬಡಾವಣೆಯಿಂದ ಮುಂಜಾನೆ ಹೊರಟ ಸಂಸಾರವು ತನ್ನನ್ನು ನದೀಪಾತ್ರದ ಜನವೆಂದು ಹೇಗೆ ತಾನೇ ಭಾವಿಸೀತು?

ಹೀಗಿರುವಲ್ಲಿ, ನಿಷೇಧವೇ ಸರಿಯಾದ ಮಾರ್ಗವಲ್ಲವೆ ಎಂದು ಕೇಳುವವರುಂಟು. ಅಧಿಕಾರಿಗಳಲ್ಲಿ ಅನೇಕರು ಮನಃಪೂರ್ವಕವಾಗಿ ಹಾಗೆಂದೇ ನಂಬಿದ್ದಾರೆ. ಅವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ನಿಷೇಧವೆಂಬುದು ಅದನ್ನು ನಡೆಸಲು ನಿಂತಿರುವ ಮನುಷ್ಯನಷ್ಟೇ ದೊಡ್ಡದು. ಹತ್ತಾರು ಮೈಲಿಯ ತೀರಕ್ಕೆ ಒಬ್ಬ ಅರಣ್ಯ ರಕ್ಷಕನನ್ನೋ ಒಬ್ಬ ಪೋಲೀಸಿನವನನ್ನೋ ಇಟ್ಟರೆ ಅವನು ಎಲ್ಲಿಗೆಂದು ಓಡಿಯಾನು? ಹಲಗೆಯಿರುವ ಕಡೆ ಗದರಿಸಿ ಎಬ್ಬಿಸಿದ ಹುಡುಗರು ಅರ್ಧ ಮೈಲಿ ಮೇಲಕ್ಕೆ ಹೋಗಿ ಯಾರ ಕಣ್ಣಿಗೂ ಬೀಳದ ಕಡೆ ಇಳಿಯುತ್ತಾರೆ. ಹಲಗೆಯಿಂದ ಆದ ಪ್ರಯೋಜನವೆಂದರೆ, ಮುಳುಗಿದವರ ಕೂಗು ಕೇಳಿಸುವಷ್ಟು ಹತ್ತಿರದಲ್ಲಿ ಯಾರೂ ಇಲ್ಲದಂತಾದುದು. ಇದಲ್ಲದೆ ಸಂಗಮವು ಎರಡು ನದಿ ಕೂಡುವ ಪುಣ್ಯಸ್ಥಳ, ಸಂಗಮೇಶ್ವರನ ಸನ್ನಿಧಿ. ಅಲ್ಲಿಗೆ ಬಂದ ಆಸ್ತಿಕನು ಒಂದು ಮುಳುಗು ಹಾಕದೆ ಹಿಂದಿರುಗಬೇಕೆಂದು ಯಾವ ಹಲಗೆ ಹೇಳಿದರೂ ಅವನು ಕೇಳನು.

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ವ್ಯವಹಾರಜ್ಞರಾಗಿದ್ದರೆಂದು ತೋರುತ್ತದೆ. ಅವರು ಜನರನ್ನು ನೀರಿನಿಂದ ಅಟ್ಟಲಿಲ್ಲ, ನೀರಿಗೆ ಮೆಟ್ಟಿಲು ಕಟ್ಟಿಸಿದರು. ಶ್ರೀರಂಗಪಟ್ಟಣದ ಸ್ನಾನಘಟ್ಟವನ್ನು ನೋಡಿದವರು ಇದನ್ನು ಬಲ್ಲರು. ಊರೂರಿನ ಕಲ್ಯಾಣಿಗಳೂ ಇದಕ್ಕೆ ಸಾಕ್ಷಿ. ಸೋಪಾನವೆಂಬುದು ಬರಿಯ ಅಲಂಕಾರವಲ್ಲ, ಅದು ಆಳವನ್ನಳೆಯುವ ಕೋಲು. ಇಷ್ಟನೆಯ ಮೆಟ್ಟಿಲಿಗೆ ಮಂಡಿ, ಇಷ್ಟನೆಯದಕ್ಕೆ ಸೊಂಟ, ಅಲ್ಲಿಂದ ಮುಂದೆ ಈಜು ಬಲ್ಲವರಿಗೆ ಮಾತ್ರ ಎಂಬುದನ್ನು ಅಕ್ಷರ ಬಾರದ ಮುದುಕಿಯೂ ಕಾಲಿನಿಂದಲೇ ಓದಿಕೊಳ್ಳುತ್ತಿದ್ದಳು. ಮಾಗಡಿಯ ಕೆಂಪೇಗೌಡರ ವಂಶದವರು ಕೆರೆ ಕಟ್ಟಿಸಿ ಕೀರ್ತಿ ಪಡೆದರು. ಆ ನಾಡಿನಲ್ಲಿಯೇ ಇಂದು ಕೆರೆಯ ದಡದಲ್ಲಿ ನಮಗೆ ಕಾಣುವ ಸರ್ಕಾರದ ಏಕೈಕ ಕೃತಿಯು ತುಕ್ಕು ಹಿಡಿದ ತಗಡಿನ ಹಲಗೆಯಾಗಿರುವುದು ಖೇದಕರ.

ಹೊರದೇಶಗಳ ಪದ್ಧತಿಯನ್ನೂ ಸ್ವಲ್ಪ ನೋಡೋಣ. ಅಮೆರಿಕಾ ದೇಶದ ಹಲವು ಸಂಸ್ಥಾನಗಳು ತಮ್ಮ ಸಾರ್ವಜನಿಕ ಉದ್ಯಾನಗಳೊಳಗಿನ ಸಿಹಿನೀರಿನ ಸರೋವರಗಳಲ್ಲಿ ಜನರು ಸ್ನಾನಮಾಡಲು ಒಂದು ಭಾಗವನ್ನು ಆರಿಸಿ, ದಡಕ್ಕೆ ಮರಳು ಹಾಸಿ, ಆಳ ಶುರುವಾಗುವ ಕಡೆ ತೇಲುಬುರುಡೆಗಳ ಹಗ್ಗವನ್ನು ಎಳೆದು ಕಟ್ಟಿರುತ್ತವೆ. ಕೆಲವೆಡೆ ಜೀವರಕ್ಷಕರಿರುತ್ತಾರೆ, ಇಲ್ಲದ ಕಡೆ ಇಲ್ಲವೆಂದೇ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ನೀರನ್ನು ಪರೀಕ್ಷಿಸಿ, ಕೆಟ್ಟಿದ್ದ ದಿನ ಸ್ನಾನವನ್ನು ನಿಲ್ಲಿಸುತ್ತಾರೆ. ಆಸ್ಟ್ರೇಲಿಯದ ಕಡಲತೀರದಲ್ಲಿ ಕೆಂಪು ಹಳದಿ ಬಣ್ಣದ ಎರಡು ಬಾವುಟಗಳ ನಡುವೆ ಮಾತ್ರ ಈಜಬೇಕೆಂಬುದನ್ನು ಅಲ್ಲಿನ ಮಕ್ಕಳಿಗೂ ಹೇಳಿಕೊಟ್ಟಿರುತ್ತಾರೆ. ಅಷ್ಟು ದೂರವೇಕೆ? ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಸಿಕ್ಕಿತು. ಆ ಬಾವುಟ ಬೇಕಾದರೆ ನೀರಿನ ಪರೀಕ್ಷೆಯೂ ಜೀವರಕ್ಷಣೆಯ ಏರ್ಪಾಟೂ ಇರಲೇಬೇಕು. ಕಡಲಿಗೆ ಸಾಧ್ಯವಾದುದು ಕೆರೆಗೆ ಏಕೆ ಅಸಾಧ್ಯ? ಅಲೆಯಿಲ್ಲದ ಕೆರೆಯನ್ನು ಕಾಯುವುದು ಕಡಲನ್ನು ಕಾಯುವುದಕ್ಕಿಂತ ಸುಲಭವಲ್ಲವೆ?

ಕಡಲಲ್ಲಿಯೂ ನಾವು ಕಲಿಯುವುದು ಪೆಟ್ಟು ತಿಂದ ಮೇಲೆಯೇ ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯ ವಸತಿಶಾಲೆಯಿಂದ ಪ್ರವಾಸ ಹೋದ ನಾಲ್ವರು ಬಾಲಿಕೆಯರು ಮುರ್ಡೇಶ್ವರದಲ್ಲಿ ನೀರುಪಾಲಾದರು. ಆಮೇಲೆ ತೀರವನ್ನು ಮುಚ್ಚಿದರು. ಮನೆಯವರಿಗೆ ತಲಾ 5 ಲಕ್ಷ ರೂಪಾಯಿಗಳ ಪರಿಹಾರ ಘೋಷಿತವಾಯಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ. ಪರಿಹಾರ ಕೊಟ್ಟುದು ಸರಿಯೇ. ಆದರೆ ಆ 20 ಲಕ್ಷದಲ್ಲಿ ಎಷ್ಟು ಮಂದಿ ಈಜುಗಾರರನ್ನು ಎಷ್ಟು ತಿಂಗಳು ದಡದಲ್ಲಿ ನಿಲ್ಲಿಸಬಹುದಿತ್ತೆಂಬ ಲೆಕ್ಕವನ್ನು ಹಣಕಾಸಿನ ಇಲಾಖೆಯ ಯಾವ ಗುಮಾಸ್ತನೂ ಕ್ಷಣದಲ್ಲಿ ಮಾಡಿಕೊಟ್ಟಾನು. ಭಾರತದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಪ್ಲೇಗು ಮಾರಿಗೆ ಇಷ್ಟು ಜನ ತುತ್ತಾಗಿದ್ದರೆ ನಾಡೆಲ್ಲ ಗದ್ದಲವೇಳುತ್ತಿತ್ತು.

ಹಾಗಾದರೆ ಮಾಡತಕ್ಕದ್ದೇನು? ಎಲ್ಲ ನೀರನ್ನೂ ಎಲ್ಲರಿಗೂ ತೆರೆಯಿರೆಂದು ನಾವು ಹೇಳುವುದಿಲ್ಲ. ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು 1933ರಲ್ಲಿ ಕಟ್ಟಿದ್ದು ಬೆಂಗಳೂರಿನ ಕುಡಿಯುವ ನೀರಿಗಾಗಿ. ಅದು ಮುಚ್ಚಿಯೇ ಇರಲಿ. ಅಲ್ಲಿಯೇ 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಲನಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಧುಮುಕಿದ ಇಬ್ಬರು ದೃಢಕಾಯರಾದ ನಟರು ಜೀವರಕ್ಷಕ ಅಂಗಿಯಿಲ್ಲದೆ ಮುಳುಗಿ ಸತ್ತರು. ಕಟ್ಟುಮಸ್ತಾದ ಮೈಯೇ ಈಜೆಂದು ತಿಳಿದಿರುವ ನಮ್ಮ ತರುಣರು ಇದನ್ನು ಮರೆಯಕೂಡದು. ಸಂಗಮ ಮತ್ತು ಮೇಕೆದಾಟುಗಳು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಮಡಿಲಿನಲ್ಲಿವೆ. ಆ ನೀರು ನೀರುನಾಯಿಗಳದು, ಮೊಸಳೆಗಳದು. ಅಲ್ಲಿ ಜಲಕ್ರೀಡೆಯ ಜಾತ್ರೆ ಬೇಡ. ಪುಣ್ಯಸ್ನಾನಕ್ಕೆ ಅಳೆದು ಗುರುತಿಸಿದ ಒಂದು ಘಟ್ಟ, ಅದಕ್ಕೆ ಸರಪಣಿ, ಕಾವಲಿಗೆ ಜನ, ಇಷ್ಟಾದರೆ ಸಾಕು. ಮೇಕೆದಾಟಿನ ಸೀಳಿನ ಅಂಚಿಗೆ ಮಾತ್ರ ಯಾರನ್ನೂ ಬಿಡಕೂಡದು. ಅಲ್ಲಿ ನಿಷೇಧವೇ ನ್ಯಾಯ. ಆದರೆ ಅದನ್ನು ಕಬ್ಬಿಣದ ಬೇಲಿಯಿಂದ ಮಾಡಬೇಕು, ಬಣ್ಣದ ಅಕ್ಷರದಿಂದಲ್ಲ.

ಅರ್ಕಾವತಿಯ ಕೆಳಪಾತ್ರದಲ್ಲಿ ಮೀಯಿರೆಂದು ಹೇಳಲು ನಮಗೆ ನಾಲಗೆಯೇ ಏಳದು. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬೈರಮಂಗಲದ ಕೆರೆಯಲ್ಲಿ ನೊರೆಯೆಬ್ಬಿಸುವ ವೃಷಭಾವತಿಯು ಅರ್ಕಾವತಿಯನ್ನೇ ಸೇರುತ್ತದೆ. ರಾಜಧಾನಿಯವರು ವಾರವಿಡೀ ತಾವು ಹರಿಯಬಿಟ್ಟುದರಲ್ಲಿ ಭಾನುವಾರ ತಾವೇ ಬಂದು ಮೀಯುತ್ತಾರೆಂದರೆ ಕೇಳಲು ವಿನೋದ. ವಾಂತಿಭೇದಿ, ಚರ್ಮರೋಗ, ಇಲಿಜ್ವರ ಬಂದಾಗ ವಿನೋದವಲ್ಲ. ಗಾಯವಿರುವ ಕಾಲನ್ನು ಅಂಥ ನೀರಿಗಿಡದಿರುವುದೂ ಮಕ್ಕಳು ಅದನ್ನು ಬಾಯಿಗೆ ತೆಗೆದುಕೊಳ್ಳದಂತೆ ನೋಡುವುದೂ ಅವಶ್ಯ. ನೀರಿನ ಪರೀಕ್ಷೆಯ ಫಲವನ್ನು ಮಾಲಿನ್ಯ ನಿಯಂತ್ರಣ ಮಂಡಲಿಯವರು ಕಡತದಲ್ಲಿಟ್ಟರೆ ಸಾಲದು, ದಡದಲ್ಲಿ ಬರೆದು ತೂಗುಹಾಕಬೇಕು.

ಪ್ರಯೋಗವನ್ನು ಆರಂಭಿಸಲು ನಮ್ಮ ಅಭಿಪ್ರಾಯದಲ್ಲಿ ಕಣ್ವವೇ ಯೋಗ್ಯ ಸ್ಥಳ. ಅದು ವ್ಯವಸಾಯಕ್ಕಾಗಿ ಕಟ್ಟಿದ ಕಟ್ಟೆ. ವೃಷಭಾವತಿಯ ಕೊಳಚೆ ಅಲ್ಲಿಗೆ ಬರುವುದಿಲ್ಲ. ಚನ್ನಪಟ್ಟಣ, ರಾಮನಗರಗಳಿಗೆ ಹತ್ತಿರ, ದಾರಿಯಿದೆ. ಇಳಿಜಾರು ಕಡಿಮೆಯಿರುವ ಒಂದು ಮಗ್ಗುಲನ್ನು ಆರಿಸಿ, ಹೂಳು ಬೊಡ್ಡೆಗಳನ್ನು ತೆಗೆದು, ಕಲ್ಲಿನ ಮೆಟ್ಟಿಲನ್ನೋ ಮರಳನ್ನೋ ಹಾಕಬೇಕು. ಎದೆಮಟ್ಟದ ಆಳ ಬರುವಲ್ಲಿ ತೇಲುಬುರುಡೆಗಳ ಹಗ್ಗ ಕಟ್ಟಿ, ನೀರು ಏರಿ ಇಳಿದಂತೆಲ್ಲ ಅದನ್ನು ಸರಿಸಿ ಕಟ್ಟಬೇಕು. ಅಂದಂದಿನ ಆಳವನ್ನು ಅಂದಂದೇ ಹಲಗೆಯ ಮೇಲೆ ಬರೆಯಬೇಕು. ಹಲಗೆಗಳಿಗೆ ನಾವು ಶತ್ರುಗಳಲ್ಲ, ಅವು ನಿಜವನ್ನು ಹೇಳಲಿ ಎಂಬುದಷ್ಟೇ ನಮ್ಮ ಆಸೆ. ಕಾವಲಿಗೆ ಹೊರಗಿನಿಂದ ಯಾರನ್ನೂ ತರಬೇಕಾಗಿಲ್ಲ. ಆ ನೀರನ್ನು ಹುಟ್ಟಿನಿಂದ ಬಲ್ಲ ಬೆಸ್ತರೂ ಅಂಬಿಗರೂ ಅಲ್ಲಿಯೇ ಇದ್ದಾರೆ. ಇಂದು ನಾವು ಅವರನ್ನು ಕರೆಯುವುದು ಹೆಣವೆತ್ತುವುದಕ್ಕೆ. ಕೂಲಿಯಾಗಿ ಏನೋ ಕೈಗಿಟ್ಟು ಕಳುಹಿಸುತ್ತೇವೆ. ಅವರಿಗೆ ತಿಂಗಳ ಸಂಬಳ ಕೊಟ್ಟು, ತರಬೇತಿ ಕೊಟ್ಟು, ಹರಿಗೋಲು, ಹಗ್ಗ, ಗಾಳಿ ತುಂಬಿದ ಟ್ಯೂಬುಗಳೊಡನೆ ದಡದಲ್ಲಿ ನಿಲ್ಲಿಸಿದರೆ ಹೆಣವೆತ್ತುವ ಕೆಲಸ ತಾನಾಗಿ ಇಳಿಯುತ್ತದೆ. ಈಗಿನ ಏರ್ಪಾಟಿನಲ್ಲಿ ಸಂಗಮದಲ್ಲಿ ಒಬ್ಬನು ಮುಳುಗಿದರೆ ಕನಕಪುರದಿಂದ ಅಗ್ನಿಶಾಮಕ ದಳವು ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕು. ಉಸಿರು ನಿಂತ ಮನುಷ್ಯನ ಮೆದುಳು ಐದಾರು ನಿಮಿಷ ಕಾಯುವುದೇ ಕಷ್ಟ. ಆ ದಳದವರು ಎಷ್ಟು ಧೀರರಾದರೂ ದಾರಿಯನ್ನು ಮೊಟಕು ಮಾಡಲಾರರು.

ಘಟ್ಟವನ್ನು ನಾವೇ ಗುರುತುಮಾಡಿ ಅಲ್ಲಿ ಯಾರಾದರೂ ಸತ್ತರೆ ಹೊಣೆ ನಮ್ಮ ತಲೆಗೆ ಬರುವುದಲ್ಲವೆ ಎಂದು ಅಧಿಕಾರಿಗಳು ಅಂಜುವುದನ್ನು ನಾವು ಬಲ್ಲೆವು. ಹಲಗೆಯ ನಿಜವಾದ ಉಪಯೋಗ ಇದೇ. ಅದು ಮುಳುಗುವವನನ್ನು ಕಾಯದಿದ್ದರೂ ಕಡತವನ್ನು ಕಾಯುತ್ತದೆ. ಆದರೆ ರಸ್ತೆಯಲ್ಲಿ ಅಪಘಾತವಾಗಬಹುದೆಂದು ಲೋಕೋಪಯೋಗಿ ಇಲಾಖೆಯವರು ರಸ್ತೆ ಹಾಕುವುದನ್ನು ಬಿಟ್ಟಿದ್ದಾರೆಯೆ? ಘಟ್ಟವನ್ನು ನೋಡಿಕೊಳ್ಳುವವರು ನಿಯಮದಂತೆ ನಡೆದಿದ್ದರೆ ಅವರಿಗೆ ರಕ್ಷಣೆಯಿರುವಂತೆ ಸರ್ಕಾರವು ಸ್ಪಷ್ಟವಾದ ಆಜ್ಞೆ ಹೊರಡಿಸಲಿ. 2022ರ ಜನವರಿಯಲ್ಲಿ ಇದೇ ಸಂಗಮದಿಂದ ನೀರಿಗಾಗಿ ಪಾದಯಾತ್ರೆ ಹೊರಟಿತು. ಎಲ್ಲ ಪಕ್ಷದವರೂ ಮೇಕೆದಾಟಿನ ಹೆಸರನ್ನು ಜಪಿಸುತ್ತಾರೆ. ನೀರಿಗಾಗಿ ಅಷ್ಟು ದೂರ ನಡೆಯಬಲ್ಲವರು ಆ ನೀರಿನಲ್ಲಿ ಸಾಯುವವರಿಗಾಗಿ ವಿಧಾನಸೌಧದ ಒಂದು ಕೊಠಡಿಯಿಂದ ಇನ್ನೊಂದಕ್ಕೆ ನಡೆಯುವುದು ಹೆಚ್ಚಿನ ಶ್ರಮವಾಗಲಾರದು.

ಜನರ ಪಾಲಿನ ಕರ್ತವ್ಯವೂ ಉಂಟು. ಕುಡಿದು ನೀರಿಗಿಳಿಯುವವನನ್ನು ಯಾವ ಜೀವರಕ್ಷಕನೂ ಕಾಯಲಾರ. ಅಂಥವನನ್ನು ತಡೆಯತಕ್ಕವರು ಜೊತೆಗೆ ಬಂದ ಗೆಳೆಯರೇ. ಸೆಲ್ಫಿಯ ಚಪಲದಿಂದ ಬೆನ್ನು ಹಿಂದೆ ಮಾಡಿ ಪಾಚಿಗಲ್ಲಿನ ಮೇಲೆ ನಡೆಯುವುದಂತೂ ಬುದ್ಧಿಯಿದ್ದವರು ಮಾಡುವ ಕೆಲಸವಲ್ಲ. ಒಬ್ಬನು ಮುಳುಗುತ್ತಿರುವಾಗ ಅವನ ಹಿಂದೆ ಅಣ್ಣ, ಅಣ್ಣನ ಹಿಂದೆ ಗೆಳೆಯ, ಹೀಗೆ ಒಬ್ಬರನ್ನೊಬ್ಬರು ಹಿಡಿಯಹೋಗಿ ಮೂವರು ನಾಲ್ವರು ಒಟ್ಟಿಗೆ ಸಾಯುವುದನ್ನು ನಾವು ಮತ್ತೆ ಮತ್ತೆ ಅಚ್ಚುಹಾಕಿದ್ದೇವೆ. ಮುಳುಗುವವನು ಸಿಕ್ಕಿದವರನ್ನು ಉಡದಂತೆ ತಬ್ಬುತ್ತಾನೆ. ಅವನಿಗೆ ಪಂಚೆಯನ್ನೋ ಸೀರೆಯನ್ನೋ ಎಸೆಯಿರಿ, ಉದ್ದನೆಯ ಕೊಂಬೆ ಚಾಚಿರಿ, ಬಾಯಿ ಮುಚ್ಚಿದ ಖಾಲಿ ನೀರಿನ ಕ್ಯಾನನ್ನು ಎಸೆಯಿರಿ; 112ಕ್ಕೆ ಕರೆ ಮಾಡಿರಿ. ನೀವು ಮಾತ್ರ ಇಳಿಯಬೇಡಿರಿ. ದಡಕ್ಕೆ ತಂದವನನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇದರಿಂದ ಹೊತ್ತು ಹೋಗುತ್ತದೆ, ಅಪಾಯವೂ ಇದೆ. ಉಸಿರಿಲ್ಲದವನಿಗೆ ಮೊದಲು ಬಾಯಿಗೆ ಬಾಯಿಟ್ಟು ಉಸಿರೂದಿ, ಆಮೇಲೆ ಎದೆಯ ನಡುವೆ ಗಟ್ಟಿಯಾಗಿ 30 ಸಲ ಒತ್ತಿ, ಮತ್ತೆ 2 ಸಲ ಉಸಿರೂದಿ, ವೈದ್ಯರು ಬರುವವರೆಗೂ ಹೀಗೆಯೇ ನಡೆಸಬೇಕು. ಇದನ್ನು ಹೈಸ್ಕೂಲಿನ ಪ್ರತಿಯೊಬ್ಬ ಹುಡುಗ ಹುಡುಗಿಗೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಹಿಂದೆ ಊರಿನ ಹುಡುಗರು ಸೊಂಟಕ್ಕೆ ಬೆಂಡನ್ನೋ ಸೋರೆಬುರುಡೆಯನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದುವು. ಕೊಳವೆಯೊಳಗೆ ಈಜು ಕಲಿಯಲಾಗದು. ಹೆಣ್ಣುಮಕ್ಕಳಿಗಂತೂ ಆಗಲೂ ಕಲಿಸಿದವರು ವಿರಳ, ಈಗಲೂ ವಿರಳ. ಆದುದರಿಂದ ಕಣ್ವದ ಘಟ್ಟವು ಸಿದ್ಧವಾದರೆ ಬೆಳಗಿನ ಎರಡು ಗಂಟೆಗಳನ್ನು ಚನ್ನಪಟ್ಟಣದ ಶಾಲೆಗಳ ಮಕ್ಕಳಿಗೆ ಈಜು ಕಲಿಸಲು ಮೀಸಲಿಡಬೇಕೆಂದೂ, ಅದರಲ್ಲಿ ಬಾಲಿಕೆಯರಿಗೆ ಪ್ರತ್ಯೇಕ ದಿನಗಳಿರಬೇಕೆಂದೂ, ಇದಕ್ಕಾಗಲಿ ಘಟ್ಟದ ಪ್ರವೇಶಕ್ಕಾಗಲಿ ಒಂದು ಕಾಸನ್ನೂ ವಸೂಲುಮಾಡಕೂಡದೆಂದೂ ನಾವು ಸೂಚಿಸುತ್ತೇವೆ.

ಇದಕ್ಕೆಲ್ಲ ವಿವರವಾದ ಯೋಜನೆ, ಮಂಜೂರಾತಿ, ಟೆಂಡರು ಎಂದು ಕಾಲಹರಣವಾಗುವುದೆಂಬ ಭಯ ನಮಗಿದೆ. ಆದರೆ ಮೊದಲನೆಯ ಕೆಲಸಕ್ಕೆ ಯಾವ ಟೆಂಡರೂ ಬೇಡ. ಒಂದು ಹರಿಗೋಲು, ಅಡಿಗಳ ಗುರುತು ಹಾಕಿದ ಒಂದು ಉದ್ದನೆಯ ಬಿದಿರು ಗಳ, ಇಬ್ಬರು ಬೆಸ್ತರ ಒಂದು ದಿನದ ಕೂಲಿ. ಜಿಲ್ಲಾಧಿಕಾರಿಗಳು ಅಪ್ಪಣೆ ಕೊಟ್ಟರೆ ಚನ್ನಪಟ್ಟಣದ ತಹಸೀಲ್ದಾರರು ಈ ವಾರದೊಳಗೆ ಕಣ್ವದ ದಡದ ಆಳವನ್ನು ಅಳೆಸಿ ನಕ್ಷೆ ಬರೆಸಬಹುದು. ಆ ನಕ್ಷೆ ಕಳುಹಿಸಿದರೆ ಅದನ್ನು ನಮ್ಮ ಪತ್ರಿಕೆಯಲ್ಲಿ ಖರ್ಚಿಲ್ಲದೆ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.